ಪಠ್ಯದಲ್ಲಿ ಎಲ್ಲಿದೆ, ತೋರಿಸು

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬರಹಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಭೆಗಳಲ್ಲಿ ಸಾಹಿತ್ಯದ ಮಾತು ಬಂದಾಗ ಮನಸ್ಸು ತಾನಾಗಿ ಊರಿನ ಕಡೆ ಹೊರಳುತ್ತದೆ. ವಚನ, ನವ್ಯ, ಬಂಡಾಯ, ದಲಿತ ಕಾವ್ಯ ಇವುಗಳ ಚರ್ಚೆಯಲ್ಲಿ ಸಂಜೆ ಕಳೆಯುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇವತ್ತು ನಮ್ಮ ಮನೆಗಳಿಂದ ಒಂದೆರಡು ಮೈಲಿಯಷ್ಟೇ ದೂರದಲ್ಲಿ, ವರ್ಷಕ್ಕೆ ಸುಮಾರು 180 ದಿನ ನಡೆಯುವ ಸಾಹಿತ್ಯದ ಪಾಠವೊಂದರ ಬಗ್ಗೆ ಮಾತನಾಡಲು ನಿಮ್ಮ ಅನುಮತಿ ಕೋರುತ್ತೇನೆ. ಅದು ನಮ್ಮ ಮಕ್ಕಳು ಕೂರುವ ಹೈಸ್ಕೂಲಿನ ಆನರ್ಸ್ ಇಂಗ್ಲಿಷ್ ತರಗತಿ. ನಾನು ಇಲ್ಲಿನ ಸಾರ್ವಜನಿಕ ಹೈಸ್ಕೂಲೊಂದರಲ್ಲಿ 10ನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಆನರ್ಸ್ ಎನಿಸಿಕೊಂಡ ಕೋಣೆಯಲ್ಲೂ ಕಲಿಸುತ್ತೇನೆ, ಆ ಹೆಸರಿಲ್ಲದ ಕೋಣೆಯಲ್ಲೂ ಕಲಿಸುತ್ತೇನೆ. ಎರಡನ್ನೂ ಕಂಡದ್ದರಿಂದಲೇ ಈ ಮಾತು ಹುಟ್ಟಿದೆ.

ಈ ತರಗತಿಯ ಬಗ್ಗೆ ನಮ್ಮ ಸಮುದಾಯದ ಪೋಷಕರಿಗೆ ತಿಳಿದಿರುವುದು ಮುಖ್ಯವಾಗಿ ಎರಡು ಸಂಗತಿ. ಮಗುವಿಗೆ ಅಲ್ಲಿ ಜಾಗ ಸಿಕ್ಕಿತೇ ಎಂಬುದು ಒಂದು. ಪೋರ್ಟಲ್ಲಿನಲ್ಲಿ ಇವತ್ತು ಎಷ್ಟು ಅಂಕ ಕಾಣುತ್ತಿದೆ ಎಂಬುದು ಇನ್ನೊಂದು. ಈ ಎರಡರ ನಡುವೆ ನಡೆಯುವ ಕೆಲಸ ಏನು, ಮಗು ಬೆಳಿಗ್ಗೆ ಏನು ಓದಿತು, ಯಾವ ವಾಕ್ಯದ ಕೆಳಗೆ ಗೆರೆ ಎಳೆಯಿತು, ಯಾರ ಜೊತೆ ಯಾವುದಕ್ಕಾಗಿ ವಾದಿಸಿತು, ಇವು ಮನೆಯ ಮಾತಿನೊಳಗೆ ಬರುವುದು ಅಪರೂಪ. ಆದ್ದರಿಂದ ಮೊದಲು ಆ ಕೆಲಸವನ್ನೇ ನಿಮ್ಮ ಮುಂದಿಡುತ್ತೇನೆ.

ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ತೆಗೆದುಕೊಳ್ಳೋಣ. 1958ರಲ್ಲಿ ಪ್ರಕಟವಾದ ಈ ಕೃತಿ ಅಮೆರಿಕದ ಅನೇಕ ಹೈಸ್ಕೂಲುಗಳಲ್ಲಿ ಪಠ್ಯವಾಗಿದೆ. 25 ಅಧ್ಯಾಯಗಳು, ದಿನಕ್ಕೆ ಒಂದೆರಡು ಅಧ್ಯಾಯದಂತೆ ಮಕ್ಕಳು ಮನೆಯಲ್ಲಿ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡು ಬರುತ್ತಾರೆ. ಉಮುವೋಫಿಯ ಊರಿನ ಗೆಣಸಿನ ಬೆಳೆ, ಕುಸ್ತಿ, ಮದುವೆಯ ಮಾತುಕತೆ, ಪಂಚಾಯಿತಿ, ಕ್ರೌರ್ಯ ಎಲ್ಲದರ ಒಳಗೆ ಮೂರು ವಾರ ಓಡಾಡಿದ ಮೇಲೆ ಕೊನೆಯ ಪುಟ ಬರುತ್ತದೆ. ಅಲ್ಲಿ ಒಕೊಂಕ್ವೊ ಸತ್ತಿದ್ದಾನೆ. ಬ್ರಿಟಿಷ್ ಜಿಲ್ಲಾಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಈ ಮನುಷ್ಯನಿಗೆ ಎಷ್ಟು ಜಾಗ ಕೊಡಬಹುದೆಂದು ಯೋಚಿಸುತ್ತಾನೆ. ಇಡೀ ಅಧ್ಯಾಯ ಬೇಡ, ಒಂದು ಪ್ಯಾರಾ ಸಾಕು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ.

ಆ ಪುಟದ ಸುತ್ತ ಒಂದು ವಾರದ ಪಾಠ ಹೀಗಿರುತ್ತದೆ. ಸೋಮವಾರ ಗಂಟೆ ಬಾರಿಸಿದ ಕೂಡಲೇ ಐದು ನಿಮಿಷ ಬರವಣಿಗೆ: ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬದುಕನ್ನು ಒಂದೇ ವಾಕ್ಯದಲ್ಲಿ ಬರೆ, ಏನು ಬಿಟ್ಟುಹೋಯಿತೆಂದು ಅದರ ಕೆಳಗೆ ಬರೆ. ಆಮೇಲೆ ಕೊನೆಯ ಪುಟವನ್ನು ಎರಡು ಬಾರಿ ಗಟ್ಟಿಯಾಗಿ ಓದುತ್ತೇವೆ. ಎರಡನೆಯ ಓದಿನಲ್ಲಿ ಮಕ್ಕಳು ಪೆನ್ಸಿಲ್ ಹಿಡಿದು, ಇಲ್ಲಿ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಆ ಕಣ್ಣು ಯಾವ ಪದದಲ್ಲಿ ಬದಲಾಯಿತು ಎಂದು ಗುರುತು ಮಾಡುತ್ತಾರೆ. ಮನೆಗೆಲಸ: ಆ ಅಧಿಕಾರಿ ಬರೆಯಬಹುದಾಗಿದ್ದ ಪ್ಯಾರಾವನ್ನು ನೀನೇ ಬರೆ, 150 ಪದ ಮೀರಬಾರದು, ಅವನ ಭಾಷೆಯಲ್ಲೇ ಇರಬೇಕು.

ಮಂಗಳವಾರ ಆ ಪ್ಯಾರಾಗಳು ಕೈಯಿಂದ ಕೈಗೆ ಹೋಗುತ್ತವೆ. ಗೆಳತಿ ಬರೆದದ್ದನ್ನು ಓದಿ ಎರಡು ಪಟ್ಟಿ ಮಾಡಬೇಕು: ಅದರಲ್ಲಿ ಬಂದಿರುವ ಹೆಸರುಗಳು ಮತ್ತು ಕಾದಂಬರಿಯಲ್ಲಿದ್ದು ಇಲ್ಲಿ ಕಾಣೆಯಾದ ಹೆಸರುಗಳು. ಎರಡನೆಯ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಮಗಳು ಎಜಿನ್ಮ ಇಲ್ಲ, ಬಲಿಯಾದ ಹುಡುಗ ಇಕೆಮೆಫುನ ಇಲ್ಲ, ಗೆಳೆಯ ಒಬಿಯೆರಿಕ ಇಲ್ಲ. ‘ಬುಡಕಟ್ಟು’ ಎಂಬ ಒಂದು ಪದ ಇವರೆಲ್ಲರ ಜಾಗವನ್ನು ನುಂಗಿ ಕೂತಿದೆ. ಕರ್ತೃವಿಲ್ಲದ ವಾಕ್ಯಗಳನ್ನೂ ಮಕ್ಕಳು ಹಿಡಿಯುತ್ತಾರೆ: ಶಾಂತಿ ಸ್ಥಾಪಿಸಲಾಯಿತು, ದಂಡ ವಿಧಿಸಲಾಯಿತು. ಸ್ಥಾಪಿಸಿದವರು ಯಾರು, ವಿಧಿಸಿದವರು ಯಾರು? ಹದಿನೈದು ವರ್ಷದ ಮಕ್ಕಳು ಆಡಳಿತದ ಭಾಷೆಯ ವ್ಯಾಕರಣವನ್ನು ಹೀಗೆ ತಾವೇ ಬಿಚ್ಚಿ ನೋಡುತ್ತಾರೆ. ಅದೂ ಎಂಥ ಭಾಷೆಯನ್ನು? ಹಿಂದಿನ ದಿನ ತಾವೇ ಸಲೀಸಾಗಿ ಬರೆದ ಭಾಷೆಯನ್ನು. ಆ ಸಲೀಸು ಎಲ್ಲಿಂದ ಬಂತೆಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ಬುಧವಾರ ಪ್ರಬಂಧದ ಮುಖ್ಯ ವಾದವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಯಾರೂ ಅಲ್ಲಗಳೆಯಲಾಗದ ವಾಕ್ಯ ವಾದವಾಗುವುದಿಲ್ಲ ಎಂಬುದು ನಿಯಮ. ಗುರುವಾರ ಕುರ್ಚಿಗಳನ್ನು ಎರಡು ಸುತ್ತಾಗಿ ಹಾಕುತ್ತೇವೆ. ಒಳಸುತ್ತಿನವರು ಪುಸ್ತಕ ಬಿಡಿಸಿಕೊಂಡು ಚರ್ಚಿಸುತ್ತಾರೆ, ಹೊರಸುತ್ತಿನವರು ಯಾರು ಏನು ಹೇಳಿದರು, ಯಾರು ಯಾರ ಮಾತನ್ನು ಮುಂದುವರಿಸಿದರು ಎಂದು ಬರೆದುಕೊಳ್ಳುತ್ತಾರೆ, ಅರ್ಧ ಅವಧಿಯಾದ ಮೇಲೆ ಸುತ್ತುಗಳು ಬದಲಾಗುತ್ತವೆ. ಶಿಕ್ಷಕರು ಬಾಯಿ ಬಿಡುವಂತಿಲ್ಲ. ಶುಕ್ರವಾರ ಕರಡು, ಮುಂದಿನ ವಾರ ಗೆಳೆಯರ ತಿದ್ದುಪಡಿ, ಆಮೇಲೆ ಮರುಬರಹ.

ಈ ಎಲ್ಲ ದಿನಗಳಲ್ಲೂ ಬರುವ ಒಂದು ಮಾತಿದೆ: ‘ಪಠ್ಯದಲ್ಲಿ ಎಲ್ಲಿದೆ, ತೋರಿಸು.’ ಒಕೊಂಕ್ವೊ ಅಂಜುಬುರುಕ ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ, ಆದರೆ ಪುಟ ತೆರೆದು ತೋರಿಸಬೇಕು. ಶಿಕ್ಷಕರ ಮಾತಿಗೂ ಇದೇ ಕಟ್ಟು. ತೋರಿಸಲಾಗದಿದ್ದರೆ ನನ್ನ ವ್ಯಾಖ್ಯಾನಕ್ಕೂ ಅಲ್ಲಿ ಬೆಲೆಯಿಲ್ಲ. ಹುದ್ದೆ, ವಯಸ್ಸು, ಮನೆತನ, ಬಣ್ಣ ಯಾವುದರ ಬಲದಿಂದಲೂ ಗೆಲ್ಲಲಾಗದ ಮಾತುಕತೆಯನ್ನು ಮಗು ದಿನವೂ ಅಭ್ಯಾಸ ಮಾಡುವ ಜಾಗಗಳು ಹೆಚ್ಚಿಲ್ಲ. ಇದು ಅಂಥ ಒಂದು ಜಾಗ.

ಈ ಪದ್ಧತಿಗೆ ಚರಿತ್ರೆಯಿದೆ. 1938ರಲ್ಲಿ ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರೆನ್ ‘ಅಂಡರ್‌ಸ್ಟ್ಯಾಂಡಿಂಗ್ ಪೊಯಟ್ರಿ’ ಎಂಬ ಪಠ್ಯಪುಸ್ತಕ ತಂದರು. ಕವಿಯ ಜೀವನಚರಿತ್ರೆಯನ್ನು ಪಕ್ಕಕ್ಕಿಟ್ಟು, ಪುಟದ ಮೇಲಿನ ಪದಗಳನ್ನೇ ನೋಡಿ ಎಂದು ಅದು ಕಲಿಸಿತು. ಅದೇ 1938ರಲ್ಲಿ ಲೂಯಿಸ್ ರೋಸೆನ್‌ಬ್ಲಾಟ್ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಶನ್’ ಪ್ರಕಟಿಸಿದರು. ಓದುಗ ತನ್ನ ಬದುಕನ್ನು ಹೊತ್ತು ತಂದು ಪಠ್ಯದ ಎದುರು ನಿಂತಾಗಲೇ ಅರ್ಥ ಹುಟ್ಟುತ್ತದೆ ಎಂಬುದು ಅವರ ನಿಲುವು. ಇಂದಿನ ಒಳ್ಳೆಯ ತರಗತಿ ಈ ಎರಡನ್ನೂ ಉಳಿಸಿಕೊಂಡಿದೆ. ಮೊದಲ ಐದು ನಿಮಿಷದ ಬರವಣಿಗೆಯಲ್ಲಿ ರೋಸೆನ್‌ಬ್ಲಾಟ್ ಇದ್ದಾರೆ, ಪೆನ್ಸಿಲ್ಲಿನ ಗುರುತುಗಳಲ್ಲಿ ಬ್ರೂಕ್ಸ್ ಮತ್ತು ವಾರೆನ್ ಇದ್ದಾರೆ. 2010ರಲ್ಲಿ ಬಂದು ಹೆಚ್ಚಿನ ರಾಜ್ಯಗಳು ಒಪ್ಪಿಕೊಂಡ ಕಾಮನ್ ಕೋರ್ ಮಾನದಂಡಗಳಲ್ಲಿಯೂ ಓದಿನ ಮೊದಲ ಅಂಶವೇ ಪಠ್ಯದಿಂದ ಆಧಾರ ಕೊಡುವುದು. ಆ ಮಾನದಂಡ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಆನರ್ಸ್ ಮಕ್ಕಳಿಗೆ ಬೇರೆ, ಉಳಿದವರಿಗೆ ಬೇರೆ ಎಂದು ಅದರಲ್ಲಿ ಬರೆದಿಲ್ಲ.

ಹಾಗಾದರೆ ಆನರ್ಸ್ ಎಂಬ ಬೇಲಿ ಏಕಿದೆ? ನನ್ನ ಮುಖ್ಯ ಮಾತು ಇಲ್ಲಿಂದ ಶುರುವಾಗುತ್ತದೆ.

ಹೈಸ್ಕೂಲಿನಲ್ಲಿ ಒಂದೇ ತರಗತಿಯ ಮಕ್ಕಳನ್ನು ಮಟ್ಟಗಳಾಗಿ ಬೇರ್ಪಡಿಸುವ ಪದ್ಧತಿಯನ್ನು ಇಲ್ಲಿ ಟ್ರ್ಯಾಕಿಂಗ್ ಎನ್ನುತ್ತಾರೆ. ಜೀನಿ ಓಕ್ಸ್ ಎಂಬ ಶಿಕ್ಷಣ ವಿದ್ವಾಂಸರು 1985ರಲ್ಲಿ ‘ಕೀಪಿಂಗ್ ಟ್ರ್ಯಾಕ್’ ಪುಸ್ತಕದಲ್ಲಿ ಈ ಕೋಣೆಗಳ ಒಳಗೆ ಏನು ಕಲಿಸುತ್ತಾರೆಂದು ವಿವರವಾಗಿ ದಾಖಲಿಸಿದರು. ಮೇಲಿನ ಮಟ್ಟದವರಿಗೆ ವಿಚಾರ ಮತ್ತು ಬರವಣಿಗೆ, ಕೆಳಗಿನ ಮಟ್ಟದವರಿಗೆ ಬಿಟ್ಟ ಸ್ಥಳ ತುಂಬುವ ಹಾಳೆಗಳು ಮತ್ತು ಶಿಸ್ತು. ಬಡವರ ಮಕ್ಕಳು, ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಕೆಳಗಿನ ಮಟ್ಟದಲ್ಲಿ ತಮ್ಮ ಪ್ರಮಾಣಕ್ಕಿಂತ ಹೆಚ್ಚಾಗಿ ಇರುತ್ತಾರೆ ಎಂಬುದನ್ನೂ ಅವರು ತೋರಿಸಿದರು. 40 ವರ್ಷಗಳಾದರೂ ಅನೇಕ ಊರುಗಳ ಶಾಲೆಗಳಲ್ಲಿ ಎರಡು ಕೋಣೆಗಳ ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಈ ಚಿತ್ರ ಬಹಳ ಬದಲಾಗಿಲ್ಲ.

ಇದರ ಹಿಂದೆ ಕೆಟ್ಟ ಮನಸ್ಸೊಂದೇ ಇದೆಯೆಂದು ತಿಳಿಯಬೇಡಿ. ಲೆಕ್ಕವೂ ಇದೆ. ಒಬ್ಬ ಶಿಕ್ಷಕಿಗೆ ದಿನಕ್ಕೆ ಐದು ತರಗತಿ, ಪ್ರತಿ ತರಗತಿಗೆ 25 ಮಕ್ಕಳು ಎಂದಿಟ್ಟುಕೊಳ್ಳಿ. ಒಟ್ಟು 125 ಪ್ರಬಂಧ. ಒಂದನ್ನು ಓದಿ ಟಿಪ್ಪಣಿ ಬರೆಯಲು 15 ನಿಮಿಷ ಹಿಡಿದರೆ 31 ಗಂಟೆಗೂ ಹೆಚ್ಚು ಹೊತ್ತು ಬೇಕು. ಇದು ಪಾಠ ಮಾಡುವ ವಾರದ ಜೊತೆಗೆ ಬರುವ ಇನ್ನೊಂದು ವಾರ. ಎಲ್ಲರಿಗೂ ತಿಂಗಳಿಗೆ ಎರಡು ಪ್ರಬಂಧ ಬರೆಸಿ ತಿದ್ದುವುದು ಸಾಧ್ಯವಾಗದಿದ್ದಾಗ, ಯಾರಿಗೆ ಬರೆಸಬೇಕು, ಯಾರಿಗೆ ಹಾಳೆ ಹಂಚಿ ಸುಮ್ಮನಿರಿಸಬೇಕು ಎಂಬ ಆಯ್ಕೆ ಬರುತ್ತದೆ. ಆ ಆಯ್ಕೆಗೆ ನಾವು ಇಟ್ಟ ಹೆಸರು ‘ಸಾಮರ್ಥ್ಯ’. ಅದೇ ಕೊನೆಯ ಪುಟವನ್ನು, ಅದೇ ಪ್ಯಾರಾ ಬರೆಯುವ ಕೆಲಸವನ್ನು ನಾನು ಆನರ್ಸ್ ಅಲ್ಲದ ಕೋಣೆಗೂ ಒಯ್ದಿದ್ದೇನೆ. ಕೆಲವರಿಗೆ ಓದಲು ಎರಡು ದಿನ ಹೆಚ್ಚು ಬೇಕಾಯಿತು, ಕಾಗುಣಿತ ಹೆಚ್ಚು ತಿದ್ದಬೇಕಾಯಿತು. ಆದರೆ ಒಂದು ಇಡೀ ಬದುಕನ್ನು ಸರ್ಕಾರಿ ಕಡತದ ನಾಲ್ಕು ಸಾಲಿಗೆ ಇಳಿಸಿದರೆ ಏನಾಗುತ್ತದೆಂದು ವಿವರಿಸುವುದು ಅವರಿಗೆ ಕಷ್ಟವಾಗಲಿಲ್ಲ. ಪೊಲೀಸು, ಆಸ್ಪತ್ರೆ, ವಲಸೆ ಕಚೇರಿಗಳ ಕಡತಗಳಲ್ಲಿ ತಮ್ಮ ಮನೆಯವರ ಹೆಸರು ಕಂಡ ಮಕ್ಕಳು ಆ ಕೋಣೆಯಲ್ಲಿ ಇರುತ್ತಾರೆ.

ಇನ್ನು ನಮ್ಮ ಸಮುದಾಯದ ಮಾತು. ಅನೇಕ ಶಾಲೆಗಳಲ್ಲಿ ಆನರ್ಸ್ ತರಗತಿಯ ಅಂಕಕ್ಕೆ ಹೆಚ್ಚಿನ ತೂಕವಿದೆ. ಸಾಮಾನ್ಯ ತರಗತಿಯ ಎ ದರ್ಜೆಗೆ 4 ಅಂಕ ಸಿಕ್ಕರೆ ಇಲ್ಲಿ 4.5 ಅಥವಾ 5. ಆ ಅರ್ಧ ಅಂಕವೇ ನಮ್ಮ ಮಾತುಕತೆಯ ಕೇಂದ್ರವಾಗಿದೆ. ಶಿಕ್ಷಕರ ಶಿಫಾರಸು ಬರದಿದ್ದರೆ ಪೋಷಕರು ಸಹಿ ಹಾಕಿ ಮಗುವನ್ನು ಮೇಲಿನ ಮಟ್ಟಕ್ಕೆ ಸೇರಿಸುವ ಅವಕಾಶ ಕೆಲವೆಡೆ ಇದೆ. ಆ ಅರ್ಜಿ ಎಲ್ಲಿ ಸಿಗುತ್ತದೆಂದು ನಮಗೆ ಗೊತ್ತಿರುತ್ತದೆ. ಎರಡು ಪಾಳಿ ದುಡಿಯುವ ತಾಯಿಗೆ ಅಂಥ ಅರ್ಜಿಯೊಂದು ಇದೆ ಎಂಬುದೇ ತಿಳಿದಿರುವುದಿಲ್ಲ. ಮಕ್ಕಳೂ ನಮ್ಮಿಂದ ಬೇಗ ಕಲಿಯುತ್ತಾರೆ. ಗುರಿ ಅಂಕವೇ ಆದರೆ ಕಾದಂಬರಿ ಓದುವ ಅಗತ್ಯವಿಲ್ಲ. ಮೊದಲು ಸಾರಾಂಶದ ಪುಸ್ತಿಕೆಗಳಿದ್ದವು, 2022ರ ಕೊನೆಯಿಂದ ಚಾಟ್‌ಜಿಪಿಟಿ ಇದೆ. ಅನೇಕ ಶಿಕ್ಷಕರು ಈಗ ಪ್ರಬಂಧವನ್ನು ಮತ್ತೆ ತರಗತಿಯಲ್ಲೇ ಕೈಬರಹದಲ್ಲಿ ಬರೆಸುತ್ತಿದ್ದಾರೆ. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ನಾವು ಮಗುವಿಗೆ ಕೊಟ್ಟ ಗುರಿಯನ್ನು ಅದು ಅಚ್ಚುಕಟ್ಟಾಗಿ ಪೂರೈಸುತ್ತಿದೆ.

ಬೇಲಿ ತೆಗೆಯುವ ಪ್ರಯತ್ನಗಳು ನಡೆದಿವೆ. ಇಲಿನಾಯ್ ರಾಜ್ಯದ ಎವನ್‌ಸ್ಟನ್ ಟೌನ್‌ಶಿಪ್ ಹೈಸ್ಕೂಲಿನ ಮಂಡಳಿ 2010ರ ಕೊನೆಯಲ್ಲಿ ಒಂದು ತೀರ್ಮಾನ ಮಾಡಿತು. 9ನೆಯ ತರಗತಿಯ ಬಹುಪಾಲು ಮಕ್ಕಳನ್ನು ಸಾಹಿತ್ಯ ಮತ್ತು ಇತಿಹಾಸಕ್ಕೆ ಒಂದೇ ಕೋಣೆಯಲ್ಲಿ ಕೂರಿಸಿ, ಆನರ್ಸ್ ಶ್ರೇಯವನ್ನು ವರ್ಷದ ಕೆಲಸದಿಂದ ಗಳಿಸಿಕೊಳ್ಳುವಂತೆ ಮಾಡುವುದು ಅದರ ಉದ್ದೇಶ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲೂ 9 ಮತ್ತು 10ನೆಯ ತರಗತಿಗಳ ಆನರ್ಸ್ ಇಂಗ್ಲಿಷನ್ನು ನಿಲ್ಲಿಸಿದಾಗ 2023ರಲ್ಲಿ ದೇಶವೇ ಗಮನಿಸುವಷ್ಟು ಜಗಳವಾಯಿತು. ಎದುರು ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಹೆಸರು ಕಿತ್ತುಹಾಕಿ, ತರಗತಿಯ ಗಾತ್ರ ಹಾಗೇ ಬಿಟ್ಟು, ಶಿಕ್ಷಕರಿಗೆ ಸಮಯವನ್ನೂ ನೆರವನ್ನೂ ಕೊಡದಿದ್ದರೆ ಎಲ್ಲರಿಗೂ ಹಾಳೆ ತುಂಬುವ ಕೆಲಸವೇ ಸಿಗುತ್ತದೆ. ಮನೆಯಲ್ಲಿ ಪುಸ್ತಕವಿಲ್ಲದ ಜಾಣ ಹುಡುಗಿಗೆ ಸಾರ್ವಜನಿಕ ಶಾಲೆಯ ಆನರ್ಸ್ ತರಗತಿಯೇ ಏಕೈಕ ಏಣಿಯಾಗಿರಬಹುದು. ಉಳ್ಳವರು ಖಾಸಗಿ ಪಾಠಕ್ಕೆ ಹೋಗುತ್ತಾರೆ. ಆದ್ದರಿಂದ ಬಾಗಿಲ ಮೇಲಿನ ಫಲಕದ ಬಗ್ಗೆ ನನಗೆ ಹಟವಿಲ್ಲ. ಕೊನೆಯ ಪುಟವನ್ನು ಎರಡು ಬಾರಿ ಓದಿಸುವ, ಆಧಾರ ಕೇಳುವ, ಬರೆದದ್ದನ್ನು ತಿದ್ದಿ ಮತ್ತೆ ಬರೆಸುವ ಕೆಲಸ ಪ್ರತಿಯೊಂದು ಮಗುವಿಗೂ ಸಿಗಬೇಕು ಎಂಬುದು ನನ್ನ ವಾದ. ಅದಕ್ಕೆ ಬೇಕಾದದ್ದು ಸಣ್ಣ ತರಗತಿಗಳು, ಹೆಚ್ಚು ಶಿಕ್ಷಕರು, ಅಂದರೆ ಬಜೆಟ್.

ಪಂಕ್ತಿಭೇದ ಎಂಬ ಪದ ನಮ್ಮ ಭಾಷೆಯಲ್ಲಿದೆ, ಅದರ ವಿರುದ್ಧ ನಡೆದ ಹೋರಾಟಗಳೂ ನಮಗೆ ಗೊತ್ತು. ಶಾಲೆಯ ಮಟ್ಟಗಳು ಹುಟ್ಟಿನಿಂದ ನಿರ್ಧಾರವಾಗುವುದಿಲ್ಲ, ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಆದರೂ ಒಂದೇ ಚಾವಣಿಯ ಕೆಳಗೆ ಒಂದು ಸಾಲಿಗೆ ಒಂದು ಅಡುಗೆ, ಇನ್ನೊಂದು ಸಾಲಿಗೆ ಇನ್ನೊಂದು ಅಡುಗೆ ಬಡಿಸುವುದನ್ನು ಕಂಡಾಗ, ಬಡಿಸುವವರ ಮಾತಿನಲ್ಲಿ ‘ಅವರಿಗೆ ಇದು ಜೀರ್ಣವಾಗುವುದಿಲ್ಲ’ ಎಂಬ ಸಮಾಧಾನ ಕೇಳಿದಾಗ, ಕನ್ನಡದವರಿಗೆ ಏನಾದರೂ ನೆನಪಾಗಬೇಕು.

ಅಕ್ಷರಕ್ಕೆ ಬೇಲಿ ಹಾಕುವುದೆಂದರೇನು ಎಂಬುದನ್ನು ಈ ದೇಶದ ಪಠ್ಯವೇ ಕಲಿಸುತ್ತದೆ. ಫ್ರೆಡರಿಕ್ ಡಗ್ಲಸ್ 1845ರಲ್ಲಿ ಬರೆದ ಆತ್ಮಕಥನ ಹೈಸ್ಕೂಲಿನಲ್ಲಿ ಓದಿಸುವ ಪುಸ್ತಕಗಳಲ್ಲಿ ಒಂದು. ಗುಲಾಮ ಹುಡುಗನಾಗಿದ್ದ ಅವರಿಗೆ ಬಾಲ್ಟಿಮೋರಿನಲ್ಲಿ ಯಜಮಾನನ ಹೆಂಡತಿ ಅಕ್ಷರ ಕಲಿಸತೊಡಗಿದರು. ಗಂಡ ತಡೆದ. ಓದು ಕಲಿತವನು ಗುಲಾಮನಾಗಿ ಉಳಿಯಲು ತಕ್ಕವನಾಗಿರುವುದಿಲ್ಲ ಎಂಬುದು ಅವನ ಕಾರಣ. ಡಗ್ಲಸ್ ಆ ಕಾರಣವನ್ನೇ ಪಾಠವೆಂದು ತೆಗೆದುಕೊಂಡರು. ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ಡು ಕೊಟ್ಟು ಓದು ಕಲಿತರು. ಆ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದನ್ನು ಕಾನೂನೇ ನಿಷೇಧಿಸಿತ್ತು.

ಡಗ್ಲಸ್ ಅವರ ಪುಸ್ತಕ ಬಂದ ಮೂರು ವರ್ಷಕ್ಕೆ, 1848ರಲ್ಲಿ, ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹುಡುಗಿಯರಿಗೆ ಶಾಲೆ ತೆರೆದರು. 1873ರ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಜೋತಿರಾವ್ ಅವರು ಗುಲಾಮಗಿರಿಯ ವಿರುದ್ಧ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ನಮ್ಮ ಮಗ ಅಥವಾ ಮಗಳು ಡಗ್ಲಸ್ ಅವರನ್ನು ಓದುವ ವಾರ ಊಟದ ಮೇಜಿನಲ್ಲಿ ಈ ಅರ್ಪಣೆಯ ಮಾತು ಬರಬಹುದು. ಹಾಗೆ ಬಂದ ಮನೆಯ ಮಗುವಿಗೆ ಡಗ್ಲಸ್ ಪರಕೀಯ ಚರಿತ್ರೆಯಾಗಿ ಉಳಿಯುವುದಿಲ್ಲ. ಅಕ್ಷರದಿಂದ ಕೋಟ್ಯಂತರ ಜನರನ್ನು ಹೊರಗಿಟ್ಟ ಸಮಾಜದಿಂದ ಬಂದವರು ನಾವು. ಒಳ್ಳೆಯ ಓದಿನ ಕೋಣೆಗೆ ಬೇಲಿ ಗಟ್ಟಿಯಾಗಲಿ ಎಂದು ಅರ್ಜಿ ಹಿಡಿದು ನಿಲ್ಲುವುದು ನಮಗೆ ಒಪ್ಪುವ ಕೆಲಸವಲ್ಲ.

ಬೇಲಿಯ ಒಳಗಿನ ಓದಿಗೂ ಈಗ ಅಪಾಯ ಬಂದಿದೆ. 2022ರ ಜನವರಿಯಲ್ಲಿ ಟೆನಿಸ್ಸಿಯ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿ, ನಾಜಿ ಹತ್ಯಾಕಾಂಡವನ್ನು ಚಿತ್ರಕಥನವಾಗಿ ಹೇಳುವ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮಾಸ್’ ಕೃತಿಯನ್ನು 8ನೆಯ ತರಗತಿಯ ಪಠ್ಯದಿಂದ ಸರ್ವಾನುಮತದಿಂದ ತೆಗೆದುಹಾಕಿತು. ಟೋನಿ ಮಾರಿಸನ್ ಅವರ ‘ದಿ ಬ್ಲೂಯೆಸ್ಟ್ ಐ’ ಮೇಲೆ ಒಂದಲ್ಲ ಒಂದು ಊರಿನಲ್ಲಿ ದೂರು ಬರುತ್ತಲೇ ಇದೆ. ಇದು ಹೊಸ ಜಗಳವಲ್ಲ. 1976ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಐಲೆಂಡ್ ಟ್ರೀಸ್ ಎಂಬ ಶಾಲಾ ಜಿಲ್ಲೆ ಗ್ರಂಥಾಲಯದ ಕೆಲವು ಪುಸ್ತಕಗಳನ್ನು ತೆಗೆಸಿದಾಗ ಸ್ಟೀವನ್ ಪಿಕೊ ಎಂಬ ವಿದ್ಯಾರ್ಥಿ ಮತ್ತು ಅವನ ಸಹಪಾಠಿಗಳು ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಸುಪ್ರೀಂ ಕೋರ್ಟು, ವಿಚಾರ ಇಷ್ಟವಿಲ್ಲವೆಂಬ ಒಂದೇ ಕಾರಣಕ್ಕೆ ಶಾಲೆಯ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂಬ ಕಡೆಗೆ ವಾಲಿತು. ಆದರೆ ಆ ಅಭಿಪ್ರಾಯಕ್ಕೆ ನ್ಯಾಯಮೂರ್ತಿಗಳ ಸ್ಪಷ್ಟ ಬಹುಮತ ಸಿಗಲಿಲ್ಲ, ತರಗತಿಯ ಪಠ್ಯಕ್ಕೆ ಅದು ನೇರವಾಗಿ ಅನ್ವಯಿಸುವುದೂ ಇಲ್ಲ. ತರಗತಿಯ ಪುಸ್ತಕ ಉಳಿಯುವುದು ಅಥವಾ ಹೋಗುವುದು ಬಹುಮಟ್ಟಿಗೆ ಆ ಊರಿನ ಶಾಲಾ ಮಂಡಳಿಯ ಸಭೆಗೆ ಯಾರು ಬರುತ್ತಾರೆಂಬುದರ ಮೇಲೆ ನಿಂತಿದೆ.

2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯ ಸಮಯವನ್ನು ನೆನೆಯಿರಿ. 10ನೆಯ ತರಗತಿಯ ಕನ್ನಡ ಪಠ್ಯಕ್ಕೆ ಹೆಡಗೇವಾರ್ ಅವರ ಭಾಷಣ ಸೇರಿತು. ದೇವನೂರ ಮಹಾದೇವ ಅವರು ತಮ್ಮ ಬರಹ ಪಠ್ಯದಲ್ಲಿ ಇರುವುದು ಬೇಡವೆಂದು ಒಪ್ಪಿಗೆ ಹಿಂತೆಗೆದುಕೊಂಡರು, ಇನ್ನೂ ಹಲವರು ಅದೇ ಹೆಜ್ಜೆ ಇಟ್ಟರು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ ಭಾಷಣವನ್ನು ಕೈಬಿಡಲಾಯಿತು. ಆಗ ಇಲ್ಲಿದ್ದ ನಾವೂ ಬರೆದೆವು, ಸಹಿ ಹಾಕಿದೆವು. ಆ ಕಾಳಜಿ ನಿಜವಾದದ್ದು. ಆದರೆ ಬೆಂಗಳೂರಿನ ಪಠ್ಯದ ಬಗ್ಗೆ ಸಹಿ ಹಾಕಿದ ನಮ್ಮಲ್ಲಿ ಎಷ್ಟು ಮಂದಿ ನಮ್ಮದೇ ಊರಿನ ಶಾಲಾ ಮಂಡಳಿಯ ಸಭೆಗೆ ಹೋಗಿದ್ದೇವೆ? ಸಾಮಾನ್ಯವಾಗಿ ತಿಂಗಳಿಗೊಮ್ಮೆ ಆ ಸಭೆ ನಡೆಯುತ್ತದೆ, ಸಾರ್ವಜನಿಕರಿಗೆ ಎರಡು ಮೂರು ನಿಮಿಷ ಮಾತಿನ ಅವಕಾಶವಿರುತ್ತದೆ. ಪೌರತ್ವ ಇಲ್ಲದವರಿಗೆ ಹೆಚ್ಚಿನ ಕಡೆ ಮತದ ಹಕ್ಕು ಇರುವುದಿಲ್ಲ ನಿಜ, ಆದರೆ ಆ ಎರಡು ನಿಮಿಷ ಮಾತನಾಡಲು ಯಾರೂ ಪಾಸ್‌ಪೋರ್ಟು ಕೇಳುವುದಿಲ್ಲ. ಪುಸ್ತಕ ತೆಗೆಸಬೇಕೆಂದು ಬರುವವರು ತಪ್ಪದೆ ಬರುತ್ತಾರೆ.

ನಮ್ಮವರು ಎಲ್ಲಿಗೂ ಹೋಗುವುದಿಲ್ಲ ಎಂದಲ್ಲ. ಕ್ಯಾಲಿಫೋರ್ನಿಯಾದ ಪಠ್ಯಗಳ ವಿಷಯದಲ್ಲಿ 2005-06ರಲ್ಲಿ ಮತ್ತು ಮತ್ತೆ 2016-17ರಲ್ಲಿ ಕೆಲವು ಹಿಂದೂ ಸಂಘಟನೆಗಳು ಜಾತಿ ಮತ್ತು ಪ್ರಾಚೀನ ಭಾರತದ ಹೆಣ್ಣಿನ ಸ್ಥಿತಿಗತಿ ಕುರಿತ ವಾಕ್ಯಗಳನ್ನು ಬದಲಿಸಲು ಒತ್ತಾಯಿಸಿದವು. ಇತಿಹಾಸಕಾರರೂ ದಲಿತ ಸಂಘಟನೆಗಳೂ ಎದುರು ನಿಂತರು. ಅಂದರೆ ಪಠ್ಯದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಹೇಗೆಂದು ನಮ್ಮ ಸಮುದಾಯದ ಒಂದು ಭಾಗಕ್ಕೆ ಚೆನ್ನಾಗಿ ಗೊತ್ತಿದೆ. ಪ್ರಗತಿಪರರೆನಿಸಿಕೊಂಡ ನಾವು ಆ ವಿದ್ಯೆಯನ್ನು ಇನ್ನೂ ಕಲಿಯಬೇಕಾಗಿದೆ.

ಇಲ್ಲಿಂದ ಮಾತು ಮನೆಯೊಳಗೆ ಬರುತ್ತದೆ. ಜಾತಿಯ ಪ್ರಸ್ತಾಪ ತರಗತಿಯಲ್ಲಿ ಬಂದಾಗ ಎಲ್ಲರ ಕಣ್ಣೂ ಭಾರತೀಯ ಹೆಸರಿನ ಮಗುವಿನ ಮೇಲೆ ಬೀಳುತ್ತದೆ. ಅದು ಆ ಮಗುವಿಗೆ ಹಿಂಸೆ, ಒಳ್ಳೆಯ ಶಿಕ್ಷಕರು ಹಾಗಾಗದಂತೆ ನೋಡಿಕೊಳ್ಳಬೇಕು. ಆದರೆ ಮಗು ಆಗ ಹೇಳುವ ಉತ್ತರ ಬಹುಪಾಲು ಮನೆಯಿಂದ ತಂದದ್ದು: ಅದೆಲ್ಲ ಹಿಂದಿನ ಕಾಲದ್ದು, ಈಗ ಇಲ್ಲ, ನಮ್ಮ ಮನೆಯಲ್ಲಂತೂ ಇಲ್ಲ. ಇದೇ ಮಗು ಒಕೊಂಕ್ವೊ ಬಗ್ಗೆ ಹೀಗೆ ಆಧಾರವಿಲ್ಲದೆ ಹೇಳಿದ್ದರೆ ಗೆಳೆಯರು ಒಪ್ಪುತ್ತಿರಲಿಲ್ಲ. ‘ಎಲ್ಲಿದೆ, ತೋರಿಸು’ ಎನ್ನುತ್ತಿದ್ದರು. ಆ ಪ್ರಶ್ನೆ ನಮ್ಮ ಮೇಲೂ ಬರಬೇಕು. ನಮ್ಮ ಮದುವೆಗಳಲ್ಲಿ, ನಮ್ಮ ಸಂಘಗಳ ಪದಾಧಿಕಾರಿಗಳ ಪಟ್ಟಿಯಲ್ಲಿ, ನಮ್ಮ ಊಟದ ಆಹ್ವಾನಗಳಲ್ಲಿ ಆಧಾರ ಹುಡುಕಿದರೆ ಏನು ಸಿಗುತ್ತದೆ? 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಗೀಕರಿಸಿದ ಮಸೂದೆಗೆ ಅಕ್ಟೋಬರಿನಲ್ಲಿ ಗವರ್ನರ್ ಸಹಿ ಹಾಕಲು ನಿರಾಕರಿಸಿದರು. ಎರಡೂ ಸಂದರ್ಭಗಳಲ್ಲಿ ನಮ್ಮ ಸಮುದಾಯದೊಳಗೆ ನಡೆದ ವಾದಗಳನ್ನು ಮಕ್ಕಳ ಮುಂದಿಟ್ಟು, ಯಾವ ವಾದಕ್ಕೆ ಆಧಾರವಿದೆ, ಯಾವುದಕ್ಕೆ ಇಲ್ಲ ಎಂದು ಕೇಳಬಹುದು. ಅವರಿಗೆ ಆ ಅಭ್ಯಾಸವಿದೆ.

ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ನ್ಯೂಯಾರ್ಕಿನಲ್ಲೇ ಇದೆ. ಅವರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಕಿರು ಆತ್ಮವೃತ್ತಾಂತವನ್ನು ಹೈಸ್ಕೂಲಿನ ಮಗು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 1901ರಲ್ಲಿ, ಬಾಲಕ ಭೀಮರಾವ್ ಮತ್ತು ಜೊತೆಗಿದ್ದ ಮಕ್ಕಳು ತಂದೆಯನ್ನು ನೋಡಲು ರೈಲಿನಲ್ಲಿ ಹೊರಡುತ್ತಾರೆ. ನಿಲ್ದಾಣದಲ್ಲಿ ಜಾತಿ ತಿಳಿದ ಕೂಡಲೇ ಗಾಡಿಯವರು ಹಿಂದೆ ಸರಿಯುತ್ತಾರೆ. ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು, ಕುಡಿಯಲು ನೀರು ಸಿಗದೆ ರಾತ್ರಿ ಕಳೆಯುತ್ತಾರೆ. ಇದನ್ನು ಡಗ್ಲಸ್ ಅವರ ಪುಸ್ತಕದ ಪಕ್ಕದಲ್ಲಿಟ್ಟು ಓದಿದ ಮಗುವಿಗೆ ಜಾತಿಯೆಂದರೇನೆಂದು ನಾವು ಉಪನ್ಯಾಸ ಕೊಡಬೇಕಾಗಿಲ್ಲ. ಅನೇಕ ಆನರ್ಸ್ ತರಗತಿಗಳಲ್ಲಿ ವರ್ಷಕ್ಕೆ ಒಂದೆರಡು ಪುಸ್ತಕಗಳನ್ನು ಮಕ್ಕಳೇ ಆರಿಸಿಕೊಂಡು ಓದಿ ಬರೆಯುವ ಕೆಲಸವಿರುತ್ತದೆ. ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಬಂದು 2025ರ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದಿವೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯೂ ಇಂಗ್ಲಿಷಿನಲ್ಲಿದೆ. ನಮ್ಮ ಮಕ್ಕಳು ಇವನ್ನು ಆರಿಸಿಕೊಂಡು ತರಗತಿಗೆ ಒಯ್ದರೆ, ಕನ್ನಡ ಅಲ್ಲಿ ಹಬ್ಬದ ಉಡುಗೆಯಾಗಿ ಬರುವುದಿಲ್ಲ, ವಾದಕ್ಕೆ ಸಿದ್ಧವಾದ ಸಾಹಿತ್ಯವಾಗಿ ಬರುತ್ತದೆ.

ಕೊನೆಯದಾಗಿ, ನಾಳೆಯಿಂದಲೇ ಮಾಡಬಹುದಾದ ಮೂರು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಮಗು ಶಾಲೆಯಿಂದ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇವತ್ತು ಯಾವ ಪುಟ ಓದಿದಿರಿ, ನೀನು ಯಾವ ಸಾಲಿಗೆ ಗೆರೆ ಎಳೆದೆ, ಏಕೆ ಎಂದು ಕನ್ನಡದಲ್ಲೇ ಕೇಳಿ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ವಿವರಿಸುವ ಮಗು ಎರಡು ಬಾರಿ ಯೋಚಿಸುತ್ತದೆ. ಎರಡನೆಯದು, ನಿಮ್ಮ ಊರಿನ ಶಾಲಾ ಮಂಡಳಿಯ ಮುಂದಿನ ಸಭೆಯ ದಿನಾಂಕ ಗುರುತು ಹಾಕಿಕೊಳ್ಳಿ. ಪುಸ್ತಕ ತೆಗೆಯುವ ಪ್ರಸ್ತಾಪ ಬಂದಾಗ ಮಾತ್ರ ಹೋಗುವುದು ಸಾಲದು, ಬಜೆಟ್ಟಿನ ಸಭೆಗೂ ಹೋಗಿ, ಆನರ್ಸ್ ಅಲ್ಲದ ಕೋಣೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ವರ್ಷಕ್ಕೆ ಎಷ್ಟು ಪ್ರಬಂಧ ಬರೆಯುತ್ತಾರೆ ಎಂದು ಕೇಳಿ. ನಿಮ್ಮ ಮಗು ಆ ಕೋಣೆಯಲ್ಲಿ ಇಲ್ಲದಿರುವುದರಿಂದಲೇ ಆ ಪ್ರಶ್ನೆಗೆ ತೂಕ ಬರುತ್ತದೆ. ಮೂರನೆಯದು, ನಾವು ಹೇಳಿದ ಮಾತಿಗೆ ಮಕ್ಕಳು ಆಧಾರ ಕೇಳಿದರೆ ಅದನ್ನು ಅವಿಧೇಯತೆ ಎಂದು ತಿಳಿಯದಿರೋಣ. ಅವರು ತರಗತಿಯಲ್ಲಿ ಕಲಿತ ಪಾಠವನ್ನು ಮನೆಗೆ ತಂದಿದ್ದಾರೆ. ಉತ್ತರ ಕೊಡಬೇಕಾದವರು ನಾವು.